ಪಾಸಾದರೆ ಹೊರಗೆ, ಫೇಲಾದರೆ ಒಳಗೆ

ಮೊದಲ ಸಲ ಬರೆದಾಗ ಇದು ಮಳೆಯಿಂದ ಶುರುವಾಗಿತ್ತು. ಕಿಟಕಿಯಾಚೆ ಮಳೆ, ಈಚೆ ಉತ್ತರಪತ್ರಿಕೆಗಳ ಕಟ್ಟು. ಮರುದಿನ ಓದಿ ನೋಡಿದಾಗ ನಗು ಬಂತು. ಪ್ರಥಮ ಪಿಯುಸಿಯ ಮೌಲ್ಯಮಾಪನ ನಡೆಯುವುದು ಬೇಸಿಗೆಯಲ್ಲಿ. ಬಂಟ್ವಾಳದಲ್ಲಿ ಆಗ ಮೈಮೇಲಿನ ಬೆವರು ಬಿಟ್ಟರೆ ಬೇರೆ ನೀರಿಲ್ಲ. ನೆನಪಿಗೆ ದುಃಖದ ಹಿನ್ನೆಲೆ ಬೇಕಿತ್ತು, ತಾನೇ ಮಳೆ ತರಿಸಿಕೊಂಡಿತು. ಹೊಡೆದುಹಾಕಿದ್ದೇನೆ. ಇನ್ನು ಮುಂದೆ ನನಗೆ ಖಾತ್ರಿಯಿಲ್ಲದ ಕಡೆ ಖಾತ್ರಿಯಿಲ್ಲವೆಂದೇ ಬರೆಯುತ್ತೇನೆ.

ಖಾತ್ರಿಯಿರುವುದು ಇಷ್ಟು. ಉಪನ್ಯಾಸಕರ ಕೋಣೆಯ ಫ್ಯಾನಿನ ಗಾಳಿಗೆ ಹಾರದಂತೆ ಪತ್ರಿಕೆಗಳ ಮೇಲೆ ಡಸ್ಟರು, ಚಹಾದ ಲೋಟ, ಯಾರದೋ ಸ್ಕೂಟರಿನ ಕೀಲಿ ಹೇರಿಟ್ಟಿದ್ದೆವು. ನಾನು ರಸಾಯನಶಾಸ್ತ್ರದವಳು. ಎದುರಿನ ಮೇಜಿನಲ್ಲಿ ಭೌತಶಾಸ್ತ್ರದ ಸಹೋದ್ಯೋಗಿ ತಮ್ಮ ಕಟ್ಟು ಬಿಚ್ಚಿಕೊಂಡು ಕುಳಿತಿದ್ದರು. ಕೊರೊನಾ ಕಾಲದಲ್ಲಿ ಹತ್ತನೆಯ ತರಗತಿ ಮುಗಿಸಿ ಬಂದ ಮಕ್ಕಳು ನಮ್ಮಲ್ಲಿ ಬರೆದ ಮೊದಲ ವಾರ್ಷಿಕ ಪರೀಕ್ಷೆ ಅದು.

ಪ್ರಶ್ನೆ ಸರಳವಾಗಿತ್ತು. ಆವರ್ತ ಕೋಷ್ಟಕದ ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಅಯಾನೀಕರಣ ಶಕ್ತಿ ಹೆಚ್ಚುತ್ತದೆ, ಏಕೆ? ಎರಡು ವಾಕ್ಯ ಬರೆದರೆ ಸಾಕು. ಒಂದು ಪತ್ರಿಕೆಯಲ್ಲಿ ವಾಕ್ಯಗಳ ಬದಲು ಹೀಗಿತ್ತು:

ಎ) ನ್ಯೂಕ್ಲಿಯಸ್ ಭಾರವಾಗುತ್ತದೆ
ಬಿ) ಪರಮಾಣು ಸಣ್ಣದಾಗುತ್ತದೆ
ಸಿ) ಎಲೆಕ್ಟ್ರಾನು ಕಡಿಮೆಯಾಗುತ್ತದೆ
ಡಿ) ಮೇಲಿನ ಎಲ್ಲವೂ

ಬಿ ಪಕ್ಕದಲ್ಲಿ ಒಂದು ವೃತ್ತ. ಅದನ್ನು ಪೆನ್ನಿನಿಂದ ನೀಟಾಗಿ, ಗೆರೆಯ ಹೊರಗೆ ಹೋಗದ ಹಾಗೆ ತುಂಬಿಸಲಾಗಿತ್ತು. ಮುಂದಿನ ಪ್ರಶ್ನೆಗೂ ನಾಲ್ಕು ಆಯ್ಕೆ, ಒಂದು ವೃತ್ತ. ಅದರ ಮುಂದಿನದಕ್ಕೂ. ಹುಡುಗಿ ತಾನೇ ಆಯ್ಕೆಗಳನ್ನು ತಯಾರಿಸಿ ತಾನೇ ಗುರುತು ಹಾಕುತ್ತಾ ಇಡೀ ಪತ್ರಿಕೆ ಬರೆದಿದ್ದಳು.

ನಾನು ಅದನ್ನು ಎದುರಿನ ಮೇಜಿಗೆ ದಾಟಿಸಿದೆ. ಸಹೋದ್ಯೋಗಿ ಕನ್ನಡಕ ಹಣೆಗೇರಿಸಿ ಓದಿದರು.

‘ಇವಳನ್ನು ಪರೀಕ್ಷೆಗೆ ಕೂರಿಸಿದ್ದೇ ತಪ್ಪು ಮಾರಾಯ್ರೆ. ಪ್ರಶ್ನೆಪತ್ರಿಕೆ ತೆಗೆಯುವ ಕಮಿಟಿಗೆ ಹಾಕುವ.’

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು ಸೊನ್ನೆ ಹಾಕಿದೆ. ಸೊನ್ನೆಯ ಹೊರತು ಬೇರೇನೂ ಹಾಕುವಂತಿರಲಿಲ್ಲ. ‘ಕಾರಣ ಕೊಡಿ’ ಎಂದರೆ ಕಾರಣವನ್ನೇ ಕೊಡಬೇಕು, ಗುರುತು ಹಾಕಿದರೆ ಸಾಲದು. ಆದರೆ ಮೂರನೆಯದೋ ನಾಲ್ಕನೆಯದೋ ಸೊನ್ನೆ ಹಾಕುವ ಹೊತ್ತಿಗೆ, ಆಕೆ ವೃತ್ತ ತುಂಬಿಸಿದ್ದರಲ್ಲಿ ಕೆಲವು ಸರಿ ಇವೆ ಎಂಬುದು ಕಣ್ಣಿಗೆ ಬಿತ್ತು. ಎಲ್ಲವೂ ಸರಿಯಿದ್ದವೆಂದು ಹೇಳಿದರೆ ಕಥೆ ಚೆಂದವಾಗುತ್ತದೆ, ಸುಳ್ಳಾಗುತ್ತದೆ. ಕೆಲವು ಕಡೆ ನಾಲ್ಕಕ್ಕೆ ನಾಲ್ಕೂ ತಪ್ಪಿದ್ದವು.

ಈ ಹುಡುಗಿ ಬೆಳ್ತಂಗಡಿ ತಾಲೂಕಿನವಳು. ಮಡಂತ್ಯಾರಿನಿಂದ ಒಳಗೆ, ಗುಡ್ಡದ ಬುಡದಲ್ಲಿ ಮನೆ. ಒಂಬತ್ತರ ಕೊನೆಯ ಪರೀಕ್ಷೆಗೆ ಮೊದಲೇ ಶಾಲೆ ಮುಚ್ಚಿತು, ಎಲ್ಲರೂ ಪಾಸು. ಹತ್ತನೆಯದು ಬಹುಪಾಲು ಅಣ್ಣನ ಫೋನಿನಲ್ಲಿ ಮುಗಿಯಿತು. ಅಣ್ಣ ಕೆಲಸದಿಂದ ಬಂದ ಮೇಲೆ ಫೋನು, ಗುಡ್ಡ ಹತ್ತಿದ ಮೇಲೆ ನೆಟ್‌ವರ್ಕು. ಆ ವರ್ಷದ ಪರೀಕ್ಷೆಯೂ ಬರೆಯುವಂಥದ್ದಾಗಿರಲಿಲ್ಲ. ನಾಲ್ಕು ಆಯ್ಕೆ ಕೊಡುತ್ತಿದ್ದರು, ಸರಿಯಾದ ವೃತ್ತ ತುಂಬಿಸಬೇಕು, ಮತ್ತೆ ಎಲ್ಲರೂ ಪಾಸು. ಎಂದರೆ ಎಂಟನೆಯ ತರಗತಿಯ ನಂತರ ಆಕೆ ‘ಏಕೆ’ ಎಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆದದ್ದು ಕಡಿಮೆ, ಬರೆದದ್ದನ್ನು ಯಾರಾದರೂ ತಿದ್ದಿದ್ದು ಇನ್ನೂ ಕಡಿಮೆ. ಪರೀಕ್ಷೆ ಎಂದರೆ ಆಯ್ಕೆ ಎಂದು ಕಲಿತಿದ್ದಳು. ನಮ್ಮ ಪತ್ರಿಕೆಯಲ್ಲಿ ಆಯ್ಕೆಗಳಿರಲಿಲ್ಲ, ತಾನೇ ಪೂರೈಸಿದಳು.

ಇನ್ನು ನಮ್ಮ ಕಾಲೇಜಿನ ಪದ್ಧತಿ ಹೇಳಬೇಕು. ನಮ್ಮದೊಂದೇ ಅಲ್ಲ, ಈ ಸೀಮೆಯಲ್ಲಿ ಫಲಿತಾಂಶದ ಹುಚ್ಚಿಗೆ ಬಿದ್ದ ಕಾಲೇಜುಗಳು ಹಲವು. ದ್ವಿತೀಯ ಪಿಯುಸಿಯ ಬೋರ್ಡ್ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದರೆ ಗೇಟಿಗೆ ಫ್ಲೆಕ್ಸು, ಬಾರದಿದ್ದರೆ ಆಡಳಿತ ಮಂಡಳಿಯ ಸಭೆ. ನೂರು ಬರಿಸುವ ಸುಲಭದ ದಾರಿ ಪ್ರಥಮ ವರ್ಷದಲ್ಲೇ ಶುರುವಾಗುತ್ತದೆ. ಪ್ರಥಮ ವರ್ಷದ ಪತ್ರಿಕೆ ತಿದ್ದುವವರು ನಾವೇ. ದುರ್ಬಲ ಮಕ್ಕಳಿಗೆ ಅಂಕ ಸೇರಿಸಿ ಪಾಸು ಮಾಡುತ್ತೇವೆ, ಒಂದು ಷರತ್ತಿನ ಮೇಲೆ: ಟಿ.ಸಿ. ತೆಗೆದುಕೊಂಡು ಹೋಗಬೇಕು. ಮಾತಿನಲ್ಲೇ ಮುಗಿಯುವ ಒಪ್ಪಂದ. ದ್ವಿತೀಯ ವರ್ಷದ ವಿಜ್ಞಾನಕ್ಕೆ ಅಂಥವರನ್ನು ಯಾವ ಕಾಲೇಜೂ ಸೇರಿಸಿಕೊಳ್ಳುವುದಿಲ್ಲ, ಅವರಿಗೂ ನೂರು ಬೇಕು. ಹೋದವರು ಬೇರೆಲ್ಲೋ ಆರ್ಟ್ಸನ್ನು ಮೊದಲ ವರ್ಷದಿಂದ ಶುರುಮಾಡುತ್ತಾರೆ. ಅಥವಾ ಏನನ್ನೂ ಶುರುಮಾಡುವುದಿಲ್ಲ. ಅದೇ ವಿದ್ಯಾರ್ಥಿ ಪ್ರಾಮಾಣಿಕವಾಗಿ ಫೇಲಾದರೆ ಪೂರಕ ಪರೀಕ್ಷೆ ಬರೆಯುವ ಹಕ್ಕು ಉಂಟು, ಅದರಲ್ಲಿ ಗೆದ್ದರೆ ಇದೇ ಕಾಲೇಜಿನ ದ್ವಿತೀಯ ವರ್ಷದ ಬೆಂಚೂ ಉಂಟು. ಪಾಸಾದರೆ ಹೊರಗೆ, ಫೇಲಾದರೆ ಒಳಗೆ. ಇದನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ.

ಪ್ರಾಂಶುಪಾಲರು ಕರೆಸಿದರು. ಅವರು ಕೆಟ್ಟವರಲ್ಲ. ಲಾಕ್‌ಡೌನಿನಲ್ಲಿ ಸ್ಕೂಟರಿಗೆ ಪುಸ್ತಕದ ಕಟ್ಟು ಬಿಗಿದು ನರಿಕೊಂಬು, ಪೊಳಲಿ ಎಂದು ಮಕ್ಕಳ ಮನೆ ಹುಡುಕಿಕೊಂಡು ಹೋದವರು.

‘ಆ ಆಯ್ಕೆಯ ಹುಡುಗಿಗೆ ಎಷ್ಟಾಗಿದೆ ಮೇಡಂ?’

‘ಪ್ರಾಯೋಗಿಕದ್ದು ಸೇರಿಸಿದ್ರೂ ಪಾಸಿಗೆ ಬೇಕಾದದ್ದರ ಅರ್ಧ.’

‘ಬೇರೆ ಎಲ್ಲದರಲ್ಲಿ ಅಂಚಿನಲ್ಲಿ ದಾಟಿದ್ದಾಳೆ. ನೀವೂ ಕೊಟ್ಟುಬಿಡಿ. ಟಿ.ಸಿ. ಬರೆಸುವ. ಪಾಪ, ಕೊರೊನಾ ಬ್ಯಾಚ್.’

‘ಯೋಚನೆ ಮಾಡ್ತೇನೆ ಸರ್.’

‘ಇದರಲ್ಲಿ ಯೋಚನೆ ಎಂಥದು? ಉಪಕಾರವೇ ಅಲ್ವಾ?’

ನಾನು ಮೂಡುಬಿದಿರೆಯಿಂದ ಓಡಾಡುವವಳು. ಆ ಸಂಜೆ ಸಿದ್ದಕಟ್ಟೆಯ ಬಸ್ಸಿನಲ್ಲಿ ಏನು ಯೋಚಿಸಿದೆನೋ ನೆನಪಿಲ್ಲ. ಬಹುಶಃ ನಿದ್ದೆ ಮಾಡಿರಬೇಕು. ಮನೆಯಲ್ಲಿ ಊಟಕ್ಕೆ ಕುಳಿತಾಗ ನಾಲ್ಕು ಆಯ್ಕೆಗಳ ವಿಷಯವನ್ನು ತಮಾಷೆಯಾಗಿ ಮಗಳಿಗೆ ಹೇಳಿದೆ. ನನ್ನ ಮಗಳೂ ಅದೇ ವರ್ಷ ಪ್ರಥಮ ಪಿಯುಸಿ, ಮೂಡುಬಿದಿರೆಯ ಒಂದು ದೊಡ್ಡ ಖಾಸಗಿ ಕಾಲೇಜಿನಲ್ಲಿ. ಅವಳೂ ಒಂಬತ್ತರಲ್ಲಿ ಪರೀಕ್ಷೆಯಿಲ್ಲದೆ ಪಾಸು, ಹತ್ತರಲ್ಲಿ ವೃತ್ತ ತುಂಬಿಸಿ ಪಾಸು. ಅವಳು ನಗಲಿಲ್ಲ.

‘ಅವಳಿಗೆ ಯಾರೂ ಹೇಳ್ಲಿಲ್ವಾ ಅಮ್ಮ?’

‘ಎಂತ ಹೇಳುದು?’

‘ನಮಗೆ ಸೇರಿದ ವಾರವೇ ಹೇಳಿದ್ರು. ಇನ್ನು ಗುಂಡಿ ತುಂಬಿಸುದಲ್ಲ, ಬರೀಬೇಕು ಅಂತ. ಬ್ರಿಜ್ ಕೋರ್ಸಲ್ಲಿ ಹತ್ತರದ್ದು ಪೂರಾ ಮೊದಲಿಂದ ಮಾಡಿಸಿದ್ರು. ಕೈ ಬಿದ್ದುಹೋಗುವಷ್ಟು ಬರೆಸಿದ್ರು.’

ಹೇಳಿ ಮೊಸರು ಹಾಕಿಕೊಂಡಳು. ಅವಳಿಗೆ ಅದು ಸಾಮಾನ್ಯ ಸಂಗತಿ.

ಮಗಳಿಗೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯಿತ್ತು, ಲ್ಯಾಪ್‌ಟಾಪಿತ್ತು, ಇವಳಿಗೆ ಗುಡ್ಡವಿತ್ತು. ಆ ವ್ಯತ್ಯಾಸ ನನಗೆ ಮೊದಲೇ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು, ಪತ್ರಿಕೆಗಳಲ್ಲಿ ಫೋಟೋ ಸಹಿತ ಬಂದಿತ್ತು. ನಾನು ಲೆಕ್ಕಕ್ಕೆ ಹಿಡಿಯದೇ ಇದ್ದದ್ದು ಬಾಗಿಲು ತೆರೆದ ನಂತರದ ವ್ಯತ್ಯಾಸ. ಕೊರೊನಾ ಇಬ್ಬರನ್ನೂ ಒಂದೇ ಹೊಂಡಕ್ಕೆ ಹಾಕಿತ್ತು. ಒಬ್ಬಳಿಗೆ ಏಣಿ ಇಟ್ಟರು. ಇನ್ನೊಬ್ಬಳಿಗೆ ಹೊಂಡದೊಳಗೇ ಪಾಸು ಎಂದು ಬರೆದುಕೊಟ್ಟು ಮೇಲೆ ಮುಚ್ಚಲು ಹೊರಟಿದ್ದೆವು. ಇದನ್ನು ರೋಗಾಣು ಮಾಡಿದ್ದಲ್ಲ, ಉಪಕಾರದ ಹೆಸರಿನಲ್ಲಿ ನಾವು ಮಾಡುತ್ತಿದ್ದದ್ದು.

ಊಟದ ಮೇಜಿನಲ್ಲೇ ನಿರ್ಧಾರ ಮಾಡಿದೆನೆಂದು ಒಂದು ಕಾರ್ಯಾಗಾರದಲ್ಲಿ ಹೇಳಿದ್ದೇನೆ, ಚಪ್ಪಾಳೆಯೂ ಬಂದಿದೆ. ನಿಜವಲ್ಲ. ಮರುದಿನ ಬೆಳಿಗ್ಗೆಯೂ ನನ್ನ ಮನಸ್ಸು ಆಚೀಚೆ ತೂಗುತ್ತಿತ್ತು. ಪಾಸು ಕೊಟ್ಟರೆ ಎಲ್ಲರಿಗೂ ಸಮಾಧಾನ. ಕೊಡದೆ, ಪೂರಕ ಪರೀಕ್ಷೆಯಲ್ಲೂ ಆಕೆ ಹೋದರೆ, ಒಂದು ವರ್ಷವನ್ನು ನಾನೇ ತಿಂದ ಹಾಗೆ.

ನಿರ್ಧಾರವಾದದ್ದು ಪ್ರಾಂಶುಪಾಲರ ಕೋಣೆಯಲ್ಲಿ. ಹುಡುಗಿಯೂ ತಾಯಿಯೂ ಬಂದಿದ್ದರು. ತಾಯಿ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದರು, ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು.

‘ನೋಡಿ ಅಮ್ಮ,’ ಎಂದರು ಪ್ರಾಂಶುಪಾಲರು, ‘ಪಾಸ್ ಮಾಡಿಯೇ ಕಳಿಸ್ತೇವೆ. ಮರ್ಯಾದೆಯ ಪ್ರಶ್ನೆ ಇಲ್ಲ. ಆರ್ಟ್ಸ್ ತಗೊಳ್ಳಲಿ. ಸೈನ್ಸ್ ಎಲ್ಲರಿಗೂ ಹೇಳಿದ್ದಲ್ಲ.’

ನಾನು ಬಾಯಿ ಹಾಕಿದೆ. ಪಾಸಿನ ಷರತ್ತು ಏನು, ಫೇಲಾದರೆ ಏನು ಹಕ್ಕುಂಟು ಎಂಬುದನ್ನು ಮೇಲೆ ಬರೆದಷ್ಟೇ ಸ್ಪಷ್ಟವಾಗಿ ಹೇಳಿದೆ. ಪ್ರಾಂಶುಪಾಲರು ಪೇಪರ್‌ವೇಟನ್ನು ತಿರುಗಿಸತೊಡಗಿದರು. ತಾಯಿಗೆ ಸಿಟ್ಟು ಬಂದದ್ದು ನನ್ನ ಮೇಲೆ.

‘ಸರ್ ಪಾಸ್ ಕೊಡ್ತೇನೆ ಹೇಳ್ತಾರೆ. ನೀವು ಯಾಕೆ ಬೇಡ ಹೇಳುದು ಮೇಡಂ? ನಮ್ಮ ಮೇಲೆ ಎಂತಾದ್ರೂ ಕೋಪ ಉಂಟಾ?’

‘ಕೋಪ ಇಲ್ಲ. ಈ ಪಾಸ್ ತಗೊಂಡ್ರೆ ಸೈನ್ಸ್ ಮುಗೀತು. ಅವಳಿಗೆ ಬೇಕಾ ಬೇಡ್ವಾ, ಅವಳನ್ನೇ ಕೇಳುವ.’

ಯಾರೂ ಅಷ್ಟರ ತನಕ ಅವಳನ್ನು ಕೇಳಿರಲಿಲ್ಲ. ಹುಡುಗಿ ತಾಯಿಯನ್ನಾಗಲಿ ನನ್ನನ್ನಾಗಲಿ ನೋಡದೆ ಪ್ರಾಂಶುಪಾಲರನ್ನು ಕೇಳಿದಳು:

‘ಆರ್ಟ್ಸಿನವರಿಗೆ ಎಷ್ಟು ಗಂಟೆಗೆ ಬಿಡ್ತದೆ ಸರ್?’

‘ಪ್ರಾಕ್ಟಿಕಲ್ ಇಲ್ಲ ಅಲ್ವಾ, ಮಧ್ಯಾಹ್ನವೇ ಬಿಡ್ತದೆ. ಊಟದ ಹೊತ್ತಿಗೆ ಮನೆಗೆ ಹೋಗಬಹುದು. ಅದೊಂದು ಒಳ್ಳೇದು.’

ಹುಡುಗಿ ತಾಯಿಯ ಕಡೆ ತಿರುಗಿ ತುಳುವಿನಲ್ಲಿ ಹೇಳಿದಳು. ‘ಎಂಕ್ ಬೊಡ್ಚಿ.’ ನನಗೆ ಬೇಡ.

ಆಕೆಗೆ ವಿಜ್ಞಾನ ಯಾಕೆ ಬೇಕಿತ್ತು? ಬೇರೆ ಬೇರೆ ದಿನ ಮೂರು ಸಲ ಕೇಳಿದ್ದೇನೆ, ಮೂರು ಉತ್ತರ ಸಿಕ್ಕಿವೆ. ಗೆಳತಿ ತೆಗೆದುಕೊಂಡಳೆಂದು. ಲ್ಯಾಬ್ ಟೆಕ್ನಿಷಿಯನ್ ಆದರೆ ಊರಲ್ಲೇ ಕೆಲಸ ಸಿಗುತ್ತದೆಂದು. ಮೂರನೆಯದನ್ನು ನಾನು ಹೆಚ್ಚು ನಂಬುತ್ತೇನೆ: ‘ಮಧ್ಯಾಹ್ನ ಮನೆಗೆ ಮುಟ್ಟಿದ್ರೆ ಬೀಡಿ ಸುತ್ತಲಿಕ್ಕೆ ಕೂರಿಸ್ತಾರೆ ಮೇಡಂ. ಸೈನ್ಸಿನವರು ಸಂಜೆ ಅಲ್ವಾ ಬರುದು.’ ಇದು ಭಾಷಣಕ್ಕೆ ಆಗುವ ಕಾರಣವಲ್ಲ. ನನಗೆ ಸಾಕಾಗಿತ್ತು.

ಇಲಾಖೆಯ ಪೋರ್ಟಲಿನಲ್ಲಿ ಆಕೆಗೆ ಬಂದಷ್ಟೇ ಅಂಕ ಏರಿಸಿದೆ. ಪ್ರಾಂಶುಪಾಲರು ಹಿಂದೆ ನಿಂತು ನೋಡುತ್ತಿದ್ದರು.

‘ನಾಳೆ ಬೋರ್ಡಿನಲ್ಲಿ ಅವಳು ಹೋದ್ರೆ ಯಾರ ತಲೆಗೆ?’

‘ನನ್ನ ತಲೆಗೆ ಬರ್ಲಿ ಸರ್.’

‘ತಲೆ ಒಂದೇ ಇರುದು ಮೇಡಂ. ಬ್ಯಾಚು ವರ್ಷಕ್ಕೊಂದು ಬರ್ತದೆ.’

ಆ ಸಲ ಟಿ.ಸಿ.ಯ ಮಾತು ಕೇಳಿಸಿಕೊಂಡವರು ಇನ್ನೂ ಕೆಲವರಿದ್ದರು, ಬೇರೆ ವಿಷಯಗಳಲ್ಲಿ ಬಿದ್ದವರು. ಅವರು ಪಾಸು ತೆಗೆದುಕೊಂಡು ಹೋದರು. ಒಬ್ಬನನ್ನು ಆಮೇಲೆ ಬಿ.ಸಿ. ರೋಡಿನ ಮೊಬೈಲ್ ಅಂಗಡಿಯಲ್ಲಿ ಕಂಡೆ. ನನ್ನ ಫೋನಿಗೆ ಗಾಜು ಅಂಟಿಸಿಕೊಟ್ಟ, ಒಂದು ಗುಳ್ಳೆಯೂ ಬರದ ಹಾಗೆ.

ಪೂರಕ ಪರೀಕ್ಷೆಗೆ ಹುಡುಗಿಯನ್ನು ತಯಾರು ಮಾಡಲು ಇದ್ದದ್ದು ಬೇಸಿಗೆ ರಜೆ ಮಾತ್ರ. ನಾನು ಮೊದಲು ಬೀಗ ತೆಗೆಸಿದ್ದು ತರಗತಿಯದ್ದಲ್ಲ, ಪ್ರಯೋಗಾಲಯದ್ದು. ಅಟೆಂಡರ್ ಗೊಣಗಿದ: ‘ರಜೆಯಲ್ಲಿ ಯಾವ ಪ್ರೇತಕ್ಕೆ ಲ್ಯಾಬ್ ಮೇಡಂ?’ ಪ್ರಶ್ನೆ ನ್ಯಾಯವಾದದ್ದೇ. ಪ್ರಾಯೋಗಿಕ ಅಂಕಗಳು ಆಗಲೇ ಸೇರಿಯಾಗಿದ್ದವು. ಪೂರಕ ಪರೀಕ್ಷೆಗೆ ಪ್ರಯೋಗಾಲಯದ ಅಗತ್ಯವಿರಲಿಲ್ಲ. ಆದರೆ ಆ ವರ್ಷ ನಮ್ಮ ಮಕ್ಕಳು ಉಪಕರಣ ಮುಟ್ಟಿರಲಿಲ್ಲ. ಅಂತರ ಕಾಯಬೇಕೆಂದು ನಾನೊಬ್ಬಳು ಒಂದು ಮೇಜಿನಲ್ಲಿ ಮಾಡಿ ತೋರಿಸುತ್ತಿದ್ದೆ, ಅವರು ಸುತ್ತ ನಿಂತು ನೋಡುತ್ತಿದ್ದರು. ಮೋಲ್ ಎಂಬ ಅಳತೆ, ದ್ರಾವಣದ ಸಾರತೆ ಎಂಬುದೆಲ್ಲ ಆಕೆಗೆ ಪದಗಳಾಗಿದ್ದವು. ಪದದ ಹಿಂದೆ ಒಂದು ವಸ್ತು ಇಡಬೇಕಿತ್ತು.

ಬ್ಯುರೆಟ್ ಎಂದರೆ ಕೆಳಗೆ ನಲ್ಲಿಯಿರುವ ಉದ್ದನೆಯ ಗಾಜಿನ ಕೊಳವೆ, ದ್ರಾವಣವನ್ನು ಹನಿಹನಿಯಾಗಿ ಬಿಡಲು. ಕಪಾಟಿನಲ್ಲಿದ್ದ ನಮ್ಮ ಬ್ಯುರೆಟ್‌ಗಳ ನಲ್ಲಿಗಳು ತಿರುಗುತ್ತಿರಲಿಲ್ಲ. ಲಾಕ್‌ಡೌನ್ ಬಂದ ವಾರ ಯಾರೋ ಕಾಸ್ಟಿಕ್ ಸೋಡಾ ತೊಳೆಯದೆ ಹಾಗೇ ಬಿಟ್ಟು ಹೋಗಿದ್ದರು. ಅದು ಒಣಗಿ ಗಾಜಿಗೆ ಗಾಜನ್ನು ಕಚ್ಚಿಸಿತ್ತು. ಸೌಮ್ಯ ಆಮ್ಲದಲ್ಲಿ ನೆನೆಹಾಕಿದೆವು, ಬಿಸಿನೀರು ಹೊಯ್ದೆವು, ಪೆನ್ಸಿಲಿನ ಮರದ ತುದಿಯಿಂದ ಮೆಲ್ಲಗೆ ತಟ್ಟಿದೆವು. ಕೆಲವು ಒಡೆದವು. ಬಿಡಿಸಿಕೊಂಡವಕ್ಕೆ ವ್ಯಾಸಲೀನು ಹಚ್ಚಿದೆವು.

ಇಲ್ಲಿ ಒಂದು ವಾಕ್ಯ ಬರೆಯಲು ಕೈ ತುಡಿಯುತ್ತದೆ: ಬಾಲ್ಯದಿಂದ ಬೀಡಿ ಸುತ್ತಿದ ಆ ಬೆರಳುಗಳು ಬ್ಯುರೆಟ್ಟನ್ನು ಎಷ್ಟು ನಾಜೂಕಾಗಿ ಹಿಡಿದವೆಂದರೆ... ಇಲ್ಲ. ಮೊದಲ ದಿನವೇ ದ್ರಾವಣ ಅಳೆದು ತೆಗೆಯುವ ಪಿಪೆಟ್ ಒಡೆದಳು. ಮರುದಿನ ಇನ್ನೊಂದು. ಬೀಡಿ ಬೇರೆ, ಗಾಜು ಬೇರೆ. ಬಡತನ ಯಾರಿಗೂ ರಸಾಯನಶಾಸ್ತ್ರ ಕಲಿಸುವುದಿಲ್ಲ.

ಟೈಟ್ರೇಶನ್ ಮಾಡಿಸಿದೆ. ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಮ್ಲ, ಅದಕ್ಕೆ ಫಿನಾಲ್ಫ್ತಲೀನಿನ ಎರಡು ಹನಿ. ಮೇಲಿನಿಂದ ಕಾಸ್ಟಿಕ್ ಸೋಡಾ ಬಿಡುತ್ತಾ ಬರಬೇಕು. ಆಮ್ಲ ಪೂರ್ತಿ ಮುಗಿದ ಕ್ಷಣದಲ್ಲಿ ಬಣ್ಣವಿಲ್ಲದ ದ್ರಾವಣ ನಸುಗುಲಾಬಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಹುಡುಗಿ ನಲ್ಲಿಯನ್ನು ಪೂರ್ತಿ ತೆರೆದಳು. ಉಸಿರು ಬಿಡುವಷ್ಟರಲ್ಲಿ ಫ್ಲಾಸ್ಕು ದಾಸವಾಳದಷ್ಟು ಕಡುವಾಯಿತು.

‘ನಿಧಾನ ಅಲ್ವಾ!’

‘ವೀಡಿಯೊದಲ್ಲಿ ಹೀಗೇ ಉಂಟು ಮೇಡಂ.’

‘ಯಾವ ವೀಡಿಯೊ?’

‘ನಿಮ್ಮದೇ.’

ನಾನು ಮಾಡಿ ತೋರಿಸಿದ್ದನ್ನು ಯಾರೋ ಫೋನಿನಲ್ಲಿ ಹಿಡಿದು, ಉದ್ದವಾಯಿತೆಂದು ಕತ್ತರಿಸಿ ಗ್ರೂಪಿಗೆ ಹಾಕಿದ್ದರಂತೆ. ಆಕೆ ಅದನ್ನು ತೆಗೆದು ತೋರಿಸಿದಳು. ನಾನು ನಲ್ಲಿ ತಿರುಗಿಸುತ್ತೇನೆ, ಮರುಕ್ಷಣ ಫ್ಲಾಸ್ಕು ಗುಲಾಬಿ.

‘ಇದರಲ್ಲಿ ಕಟ್ ಮಾಡಿದ್ದಾರೆ.’

‘ಎಂತ ಕಟ್ ಮಾಡಿದ್ದು?’

‘ಕಾಯುವುದನ್ನು.’

ಹುಡುಗಿ ಫೋನನ್ನೇ ನೋಡುತ್ತಿದ್ದಳು. ‘ಹೌದಾ? ನಾನು, ತಡ ಆದ್ರೆ ತಪ್ಪಾಗಿದೆ ಅಂತ ಎಣಿಸಿದ್ದೆ.’

ಅಂದಿನಿಂದ ಒಂದು ನಿಯಮ ಮಾಡಿದೆವು: ಫೋನು ಅಟೆಂಡರನ ಮೇಜಿನಲ್ಲಿ. ಹನಿ ಬಿಡು, ಅಲ್ಲಾಡಿಸು, ನೋಡು. ಬಣ್ಣ ಬಂದು ಮಾಯವಾದರೆ ಇನ್ನೂ ಆಮ್ಲ ಉಳಿದಿದೆ, ಮತ್ತೆ ಹನಿ. ಬಹಳ ದಿನ ಫ್ಲಾಸ್ಕು ಕಡುವಾಗುತ್ತಲೇ ಇತ್ತು. ಒಂದು ಮಧ್ಯಾಹ್ನ ನಸುಗುಲಾಬಿಯಲ್ಲಿ ನಿಂತಿತು. ಅದು ನಾನು ಊಟಕ್ಕೆ ಹೋಗಿದ್ದಾಗ ಆದದ್ದು. ಅಟೆಂಡರ್ ಸಾಕ್ಷಿ ಹೇಳಿದ, ನಾನು ಕಾಣಲಿಲ್ಲ.

ಬರವಣಿಗೆಯದ್ದು ಇನ್ನೂ ಕಷ್ಟವಾಯಿತು. ಆಯ್ಕೆ ಬರೆಯಬೇಡ ಎಂದರೆ ಹಾಳೆ ಖಾಲಿ ಉಳಿಯುತ್ತಿತ್ತು. ‘ನಾಲ್ಕು ಕೊಡಿ ಮೇಡಂ, ಹೇಳ್ತೇನೆ’ ಎನ್ನುತ್ತಿದ್ದಳು. ಕೊನೆಗೆ ಬೇಡವೆನ್ನುವುದನ್ನು ಬಿಟ್ಟೆ. ‘ನಿನ್ನ ನಾಲ್ಕನ್ನು ಬರೆ. ಒಂದಕ್ಕೆ ಗುರುತು ಹಾಕು. ಉಳಿದ ಮೂರು ಯಾಕೆ ಅಲ್ಲ, ಒಂದೊಂದಕ್ಕೆ ಒಂದೊಂದು ವಾಕ್ಯ ಬರೆ.’ ಸೋಡಿಯಂ ಲೋಹವನ್ನು ನೀರಿನಲ್ಲಿಡದೆ ಸೀಮೆಎಣ್ಣೆಯಲ್ಲಿಡುವುದೇಕೆ ಎಂಬುದು ಮೊದಲ ಪ್ರಶ್ನೆ. ಅವಳ ಆಯ್ಕೆಗಳು: ನೀರಿನಲ್ಲಿ ಕರಗುತ್ತದೆ, ನೀರಿನೊಂದಿಗೆ ವರ್ತಿಸುತ್ತದೆ, ಸೀಮೆಎಣ್ಣೆ ಅಗ್ಗ, ಯಾವುದೂ ಅಲ್ಲ.

‘ಅಗ್ಗ ಎಂಬುದು ಯಾಕೆ ಅಲ್ಲ?’

‘ರೇಷನಿನಲ್ಲಿ ಈಗ ಕೊಡುದೇ ಇಲ್ಲ ಮೇಡಂ. ಅಗ್ಗ ಎಲ್ಲಿಂದ?’

‘ಸರಿ. ಕರಗುತ್ತದೆ ಎಂಬುದು?’

‘ಉಪ್ಪು ಸಹ ಕರಗ್ತದೆ. ಆದ್ರೆ ಬೆಂಕಿ ಹಿಡಿಯುದಿಲ್ಲ. ಇದು ಹಿಡೀತದೆ. ಅಂದ್ರೆ ಇದು ಬರೇ ಕರಗುದಲ್ಲ, ಬೇರೆಯೇ ಎಂಥದೋ ಆಗ್ತದೆ.’

‘ಅದನ್ನೇ ಬರೆ.’

ಬರೆದಳು. ಆಮೇಲೆ ಆಯ್ಕೆಗಳನ್ನು ಅಡ್ಡಗೆರೆ ಹಾಕಿ ಹೊಡೆಯಲು ಹೇಳಿದೆ. ಹೊಡೆದ ಮೇಲೆ ಕೆಳಗೆ ಉಳಿದದ್ದು ಉತ್ತರ. ದಿನಕ್ಕೆ ಎಷ್ಟು ಪ್ರಶ್ನೆ ಸಾಧ್ಯವೋ ಅಷ್ಟು, ಇದೇ ಕ್ರಮ.

ಆಮೇಲೆ ಮಾದರಿ ಪರೀಕ್ಷೆ ಇಟ್ಟೆ. ಗಡಿಯಾರ ನೋಡುತ್ತಿದ್ದಂತೆ ಹುಡುಗಿಯ ಕೈ ಹಳೆಯ ದಾರಿಗೆ ಬಿತ್ತು. ಕೊನೆಯ ಪುಟಗಳ ತುಂಬ ವೃತ್ತಗಳು. ನಾನು ಏನೋ ಗಟ್ಟಿಯಾಗಿ ಹೇಳಿದೆ. ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಣ್ಣನ ಫೋನು ಸ್ವಿಚ್ ಆಫ್.

ಬೆಳ್ತಂಗಡಿ ಬಸ್ಸು ಹತ್ತಿದೆ. ಮಡಂತ್ಯಾರಿನಲ್ಲಿ ಇಳಿದು ರಿಕ್ಷಾ, ಆಮೇಲೆ ನಡಿಗೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದು ನಾಟಕ ಕಟ್ಟಿದ್ದೆ: ನನ್ನ ಮಾತಿನಿಂದ ನೊಂದ ಹುಡುಗಿ, ಅಳು, ನನ್ನ ಸಮಾಧಾನ. ಮನೆಯ ಜಗಲಿಯಲ್ಲಿ ತಾಯಿಯೂ ಮಗಳೂ ತೊಡೆಯ ಮೇಲೆ ತಡ್ಪೆ ಎಂಬ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ಹುಡುಗಿ ತಲೆಯೆತ್ತಿ, ‘ನೀವು ಎಂತ ಮೇಡಂ ಇಲ್ಲಿ?’ ಎಂದಳು. ನೋವಿನ ಲಕ್ಷಣ ಕಾಣಲಿಲ್ಲ.

ತಾಯಿ ಕೈ ನಿಲ್ಲಿಸಲಿಲ್ಲ. ‘ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮಗೂ ಇವಳಷ್ಟೇ ಪ್ರಾಯದ ಮಗಳಿದ್ದಾಳಂತೆ, ಅವಳೂ ಬರ್ತಾಳಾ ಆ ರಜೆಯ ಕ್ಲಾಸಿಗೆ?’

‘ಇಲ್ಲ.’

‘ಯಾಕೆ?’

‘ಅವಳಿಗೆ ಅವಳ ಕಾಲೇಜಿನವರು ಮೊದಲೇ ಕಲಿಸಿದ್ದಾರೆ. ನಿಮ್ಮ ಮಗಳಿಗೆ ನಾವು ಕಲಿಸಬೇಕಿತ್ತು, ಕಲಿಸಲಿಲ್ಲ. ಅದಕ್ಕೇ ಬಂದದ್ದು. ಇದು ಧರ್ಮಕ್ಕೆ ಕೊಡುವುದಲ್ಲ ಅಮ್ಮ. ಅವಳಿಗೆ ಸಲ್ಲಬೇಕಾದದ್ದು.’

ತಾಯಿ ಒಂದು ಬೀಡಿಯ ತುದಿ ಮಡಚಿ ಮುಗಿಸಿದರು. ‘ಪಾಸಾಗದಿದ್ರೆ? ಸರ್ ಕೊಟ್ಟದ್ದೂ ಹೋಯ್ತು, ನೀವು ಹೇಳಿದ್ದೂ ಹೋಯ್ತು. ಮತ್ತೆ ನನ್ನ ಹತ್ರ ಹೇಳ್ಲಿಕ್ಕೆ ಇವಳಿಗೆ ಬಾಯಿ ಇರ್ಲಿಕ್ಕಿಲ್ಲ.’

ಉತ್ತರ ಕೊಟ್ಟದ್ದು ಹುಡುಗಿ, ತಂಬಾಕಿನ ಹುಡಿ ಕೊಡವುತ್ತಾ: ‘ಈಗ್ಲೇ ಎಂತಕ್ಕೆ ಅದೆಲ್ಲ? ನಾಳೆ ಬೀಡಿ ಕೊಂಡೋಗಿ ಕೊಡುವ ದಿನ. ಅದು ಮುಗಿಸಿ ನಾಡಿದ್ದು ಬರ್ತೇನೆ ಮೇಡಂ.’

ನಾಡಿದ್ದು ಬಂದಳು.

ಪೂರಕ ಪರೀಕ್ಷೆಯ ಪತ್ರಿಕೆಯನ್ನು ನಾನು ತಿದ್ದುವುದಿಲ್ಲವೆಂದು ಪ್ರಾಂಶುಪಾಲರಿಗೆ ಮೊದಲೇ ಹೇಳಿದ್ದೆ. ಅವರು ಬೇರೆ ಕಾಲೇಜಿನ ಒಬ್ಬ ಉಪನ್ಯಾಸಕರನ್ನು ಕರೆಸಿದರು. ನನ್ನ ಮೇಲಿನ ಅಪನಂಬಿಕೆಯಿಂದಲೋ ನ್ಯಾಯಕ್ಕಾಗಿಯೋ ಗೊತ್ತಿಲ್ಲ, ಎರಡೂ ಇರಬಹುದು. ಆ ಉಪನ್ಯಾಸಕರು ತಿದ್ದಿ ಮುಗಿಸಿ ಹೊರಬಂದು, ‘ಒಂದು ಪತ್ರಿಕೆಯಲ್ಲಿ ಪ್ರತಿ ಉತ್ತರದ ಮೇಲೂ ಏನೋ ಬರೆದು ಹೊಡೆದುಹಾಕಿದ್ದಾರೆ ಮೇಡಂ, ಓದಲಿಕ್ಕೆ ಸಾಕಾಯ್ತು,’ ಎಂದರು. ‘ಪಾಸಾ?’ ಎಂದೆ. ‘ಪಾಸು. ಆದ್ರೆ ಅಷ್ಟು ಕಾಗದ ಯಾಕೆ ಹಾಳು ಮಾಡುದು?’

ಅವಳು ದ್ವಿತೀಯ ವರ್ಷದ ಬೆಂಚಿನಲ್ಲಿ ಕುಳಿತಳು. ಇಲ್ಲಿಗೆ ನಿಲ್ಲಿಸಿದರೆ ಚೆಂದ. ಆದರೆ ವರ್ಷ ಅಲ್ಲಿಗೆ ನಿಲ್ಲಲಿಲ್ಲ.

ಬೋರ್ಡ್ ಪರೀಕ್ಷೆಯ ಫಲಿತಾಂಶ ಬಂದಾಗ ಹುಡುಗಿ ರಸಾಯನಶಾಸ್ತ್ರದಲ್ಲಿ ಪಾಸು, ಗಣಿತ ಮತ್ತು ಜೀವಶಾಸ್ತ್ರದಲ್ಲಿ ಪಾಸು, ಭೌತಶಾಸ್ತ್ರದಲ್ಲಿ ಫೇಲು. ಕಾಲೇಜಿನಲ್ಲಿ ಫೇಲಾದವಳು ಅವಳೊಬ್ಬಳೇ. ನೂರು ತಪ್ಪಿಹೋಯಿತು. ಸಿಬ್ಬಂದಿ ಸಭೆಯಲ್ಲಿ ಪ್ರಾಂಶುಪಾಲರು ದನಿ ಏರಿಸಲಿಲ್ಲ.

‘ಈಗ ಎಂತ ಹೇಳ್ತೀರಿ ಮೇಡಂ?’

‘ಪಾಸ್ ಮಾಡಿ ಕಳಿಸಿದ ಮಕ್ಕಳನ್ನೂ ಸೇರಿಸಿ ಲೆಕ್ಕ ಹಾಕಿದ್ರೆ ನಮಗೆ ನೂರು ಯಾವ ವರ್ಷವೂ ಬಂದಿಲ್ಲ ಸರ್. ಈ ವರ್ಷ ಒಂದು ಸುಳ್ಳು ಕಡಿಮೆ ಆಗಿದೆ, ಅಷ್ಟೆ.’

ಒಬ್ಬರು ಕೆಮ್ಮಿದರು. ನನ್ನ ವಾರ್ಷಿಕ ವರದಿಯಲ್ಲಿ ಏನು ಬರೆದರೋ ನಾನು ಕೇಳಲಿಲ್ಲ, ಈಗಲೂ ಕೇಳಿಲ್ಲ. ಆದರೆ ಅಂದು ಇನ್ನೊಂದು ಮಾತನ್ನೂ ಹೇಳಿ ಎದ್ದೆ: ಮುಂದಿನ ಬ್ಯಾಚಿನಲ್ಲೂ ಇಲ್ಲದ ಅಂಕವನ್ನು ನಾನು ಏರಿಸುವುದಿಲ್ಲ, ಇರುವ ವಿದ್ಯಾರ್ಥಿಯನ್ನು ಇಳಿಸುವುದಿಲ್ಲ.

ಎರಡು ದಿನ ಬಿಟ್ಟು ಹುಡುಗಿ ಬಂದಳು. ನಾನು ಸಮಾಧಾನದ ಮಾತುಗಳನ್ನು ಸಿದ್ಧಮಾಡಿಕೊಂಡಿದ್ದೆ. ಅವಳು ನನ್ನ ಮೇಜಿನ ಹತ್ತಿರ ಬಂದವಳೇ ಕೇಳಿದ್ದು, ಪೂರಕ ಪರೀಕ್ಷೆಗೆ ಹೆಸರು ಕೊಡಲು ಎಲ್ಲಿಗೆ ಹೋಗಬೇಕೆಂದು.

‘ಅಮ್ಮ ಎಂತ ಹೇಳಿದ್ರು?’

‘ಬೈದ್ರು. ಮತ್ತೆ, ನಿಮ್ಮ ಮೇಡಮಿಗೆ ಹೇಳು, ಇನ್ನೊಮ್ಮೆ ಮನೆಗೆ ಬರುದು ಬೇಡ, ನಾನೇ ಕಳಿಸ್ತೇನೆ ಅಂತ ಹೇಳಿದ್ರು.’

‘ಬೇಜಾರಾಯ್ತಾ?’

‘ಆಯ್ತು.’ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ‘ಆದ್ರೆ ಒಂಬತ್ತರಲ್ಲಿ ಪಾಸ್ ಮಾಡಿದ್ದು ಕೊರೊನಾ. ಹತ್ತರಲ್ಲೂ ಕೊರೊನಾವೇ. ಈ ಫೇಲ್ ನಾನೇ ಬರೆದು ತಗೊಂಡದ್ದು ಮೇಡಂ. ಎಲ್ಲೆಲ್ಲಿ ತಪ್ಪಿದ್ದೇನೆ ಅಂತ ನಂಗೆ ಗೊತ್ತುಂಟು.’

ಭೌತಶಾಸ್ತ್ರದ ಸಹೋದ್ಯೋಗಿ ಎದುರಿನ ಮೇಜಿನಲ್ಲಿ ಪೇಪರು ಓದುತ್ತಿದ್ದರು. ಆಕೆ ಅಲ್ಲಿಗೆ ಹೋದಳು. ಅವರು ಪೇಪರು ಇಳಿಸಲಿಲ್ಲ.

‘ಸರ್, ನಾಳೆಯಿಂದ ರಜೆಯಲ್ಲಿ ನೀವು ಎಷ್ಟು ಗಂಟೆಗೆ ಬರ್ತೀರಿ?’

‘ರಜೆಯಲ್ಲಿ ಯಾರು ಬರ್ತಾರೆ ಮಾರಾಯ್ತಿ?’

‘ನಾನು ಬರ್ತೇನೆ.’

ನಮ್ಮಲ್ಲಿ ಉಪನ್ಯಾಸಕರ ಕೋಣೆಯಲ್ಲಿ ವಿದ್ಯಾರ್ಥಿಗಳು ನಿಂತೇ ಮಾತಾಡಬೇಕು. ಅವಳು ಖಾಲಿ ಇದ್ದ ಕುರ್ಚಿಯನ್ನು ಎಳೆದುಕೊಂಡಳು, ಅವರ ಎದುರು ಕುಳಿತಳು, ಪುಸ್ತಕ ತೆರೆದಳು.